ಒಂದು ಜೋಳದ ಕಾಳಿನಷ್ಟು ಸೀಸ



ನನ್ನ ಬರಹಗಳಲ್ಲಿ ಶಾಲೆಯ ಹಳೆಯ ನೆನಪುಗಳನ್ನು ನಿರೀಕ್ಷಿಸುವ ನಿಮಗೆ ಈ ಸಲದ ಲೇಖನ ತುಸು ಕಟುವೆನಿಸಬಹುದು. ಇದರಲ್ಲಿಯೂ ನೆನಪಿದೆ, ಆದರೆ ಅದು ಸಿಹಿಯಾದ ನೆನಪಲ್ಲ. ಆ ನೆನಪಿನ ಬೆನ್ನಿಗೆ ಒಂದು ಜಗಳವೂ ಇದೆ. ಈ ವಯಸ್ಸಿನಲ್ಲಿ ಜಗಳವೇಕೆಂದು ಮನೆಯವರು ಕೇಳುತ್ತಾರೆ. ಮಕ್ಕಳ ವಿಷಯದಲ್ಲಿ ಸುಮ್ಮನಿರುವುದು ಮಾಸ್ತರಿಕೆ ಮಾಡಿದವನಿಗೆ ಒಪ್ಪುವುದಿಲ್ಲ ಎಂಬುದಷ್ಟೇ ನನ್ನ ಉತ್ತರ.

ಯುಗಾದಿಗೆಂದು ನಮ್ಮೂರು ಕಳ್ಳಕವಟಗಿಗೆ ಹೋಗಿದ್ದೆ. ದ್ರಾಕ್ಷಿಯ ಕೊಯ್ಲು ಮುಗಿಯುತ್ತ ಬಂದು, ಟಿಕೋಟಾ ಸೀಮೆಯಲ್ಲೆಲ್ಲ ಒಣದ್ರಾಕ್ಷಿಯ ಶೆಡ್ಡುಗಳು ತುಂಬಿದ್ದ ಕಾಲ. ಮುಂಜಾನೆ ಕಟ್ಟೆಯ ಮೇಲೆ ಕುಳಿತಿದ್ದಾಗ, ಪುಣೆಯಲ್ಲಿ ಎಂಜಿನಿಯರ್ ಆಗಿರುವ ಹಳೆಯ ಶಿಷ್ಯನೊಬ್ಬ ಬಂದು ನಮಸ್ಕರಿಸಿ ಪಕ್ಕದಲ್ಲಿ ಕುಳಿತ. “ಪುಣೆದಾಗ ಹೊಗಿ ಕುಡದು ಸಾಕಾಗೇತ್ರಿ ಸರ್. ಗಾಳಿ ಅಂದ್ರ ನಮ್ಮೂರ ಗಾಳಿ ನೋಡ್ರಿ” ಎಂದ. ಅದೇ ಹೊತ್ತಿಗೆ ಟಂಟಂ ಗಾಡಿಯೊಂದು ಧ್ವನಿವರ್ಧಕದಲ್ಲಿ ಕೂಗುತ್ತ ಓಣಿಗೆ ಬಂತು: “ಹಳೇ ಬ್ಯಾಟ್ರಿ, ಹಳೇ ಕಬ್ಬಣ, ಹಳೇ ಪ್ಲಾಸ್ಟಿಕ್!” ಒಂದು ಮನೆಯವರು ಇನ್ವರ್ಟರಿನ ಹಳೆಯ ಬ್ಯಾಟರಿಯನ್ನು ಇಬ್ಬರು ಹಿಡಿದು ತಂದು ಗಾಡಿಯಲ್ಲಿಟ್ಟು ಹಣ ಎಣಿಸಿಕೊಂಡರು.

“ಇದು ಎಲ್ಲಿಗೆ ಹೋಗ್ತೈತಪ್ಪಾ?” ಎಂದು ನಾನು ಕೇಳಿದೆ.

“ಎಲ್ಲಿಗರೆ ಹೋಗ್ತೈತ್ರಿ ಸರ್. ಅದರಾಗಿನ ಸೀಸ ಕರಗಿಸಿ ತಗೀತಾರ.”

“ಎಲ್ಲಿ ಕರಗಿಸ್ತಾರ? ಆ ಹೊಗೆ ಯಾರ ಮನಿ ಮ್ಯಾಲೆ ಹೋಗ್ತೈತಿ?”

ಅವನು ನಕ್ಕ. ಬಳಿಕ ಒಂದೊಂದಾಗಿ ನಾಲ್ಕು ಮಾತು ಹೇಳಿದ. ಸೀಸದ ಸಮಸ್ಯೆ ಪೆಟ್ರೋಲಿನೊಂದಿಗೇ ಹೋಯಿತು. ಗಾಳಿಯಲ್ಲಿ ಸೀಸ ಎಷ್ಟಿರಬಹುದೆಂಬುದಕ್ಕೆ ನಮ್ಮ ದೇಶದಲ್ಲಿ ಮಾನದಂಡವಿದೆ. ಅದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಪ್ರಮಾಣವೇ ಆಗಿದೆ. ಅದನ್ನು ಇನ್ನೂ ಬಿಗಿಗೊಳಿಸಿದರೆ ಬಡವರ ಕೈಯಲ್ಲಿರುವ ಉದ್ಯೋಗ ಹೋಗುತ್ತದೆ. ಅವನ ಮಾತಿನಲ್ಲಿ ಕುಹಕವಿರಲಿಲ್ಲ, ಓದಿಕೊಂಡ ಹುಡುಗ. ಅವನಿಗೆ ಅಲ್ಲಿಯೇ ಪೂರ್ಣ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ಈಗ ಎಲ್ಲರೆದುರಿಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪೊಪ್ಪಿಗೆ.

ನನ್ನ ಕೈಯಲ್ಲಿ ಕಲಿತ ಯಾರಿಗಾದರೂ ನೆನಪಿರಬಹುದು: ಪೆನ್ಸಿಲನ್ನು ಬಾಯಲ್ಲಿಟ್ಟುಕೊಂಡವರಿಗೆ ನಾನು ಪೆಟ್ಟು ಕೊಡುತ್ತಿದ್ದೆ. “ಸೀಸದ ಕಡ್ಡಿ, ವಿಷ ಅದು” ಎನ್ನುತ್ತಿದ್ದೆ. ಪೆನ್ಸಿಲಿನಲ್ಲಿ ಇರುವುದು ಸೀಸವಲ್ಲ, ಗ್ರಾಫೈಟ್ ಎಂಬ ಇಂಗಾಲದ ರೂಪ ಎಂದು ವಿಜ್ಞಾನದ ಪಾಠದಲ್ಲಿ ನಾನೇ ಹೇಳಿಕೊಡುತ್ತಿದ್ದೆನಾದರೂ ಆ ಬೈಗುಳ ಮಾತ್ರ ಬಾಯಿಂದ ಹೋಗಿರಲಿಲ್ಲ. ಇಲ್ಲದ ಸೀಸಕ್ಕಾಗಿ ಮಕ್ಕಳನ್ನು ಹೊಡೆದೆ. ಇದ್ದ ಸೀಸವನ್ನು ನನ್ನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ.

ಅದು 1980ರ ದಶಕ. ಜಿಲ್ಲೆಯ ಬೇರೊಂದು ಊರಿನ ಶಾಲೆಯಲ್ಲಿ ನಾನಿದ್ದೆ. ಐದನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಅವನ ತಂದೆ ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿ ರಿಪೇರಿ ಮಾಡುತ್ತಿದ್ದ. ಮನೆಯೇ ಅಂಗಡಿ, ಹಿತ್ತಲಲ್ಲಿ ಇದ್ದಿಲಿನ ಒಲೆ, ಅದರ ಮೇಲೆ ಕಬ್ಬಿಣದ ಬೋಗುಣಿ. ಹಳೆಯ ಬ್ಯಾಟರಿಯನ್ನು ಒಡೆದು, ಆಮ್ಲವನ್ನು ನೆಲಕ್ಕೆ ಚೆಲ್ಲಿ, ಒಳಗಿನ ಸೀಸದ ಫಲಕಗಳನ್ನು ಕರಗಿಸಿ ಹೊಸ ತುದಿಗಳನ್ನು ಎರಕ ಹೊಯ್ಯುತ್ತಿದ್ದ. ಸೀಸ ಕರಗಲು 327 ಡಿಗ್ರಿ ಉಷ್ಣತೆ ಸಾಕು. ಅಡುಗೆಮನೆಯ ಒಲೆಯೂ ಅಷ್ಟು ಬಿಸಿಯಾಗುತ್ತದೆ. ಈ ಸುಲಭತೆಯೇ ಅದರ ಶಾಪ. ಆ ಒಲೆಯ ಪಕ್ಕದಲ್ಲಿಯೇ ಮಕ್ಕಳು ಆಡುತ್ತಿದ್ದರು, ಉಣ್ಣುತ್ತಿದ್ದರು, ಮಲಗುತ್ತಿದ್ದರು.

ಶಾಲೆಗೆ ಸೇರಿದಾಗ ಚುರುಕಾಗಿದ್ದನೆಂದು ಕೆಳಗಿನ ತರಗತಿಯ ಮಾಸ್ತರರು ಹೇಳುತ್ತಿದ್ದ ಆ ಹುಡುಗ ನನ್ನ ತರಗತಿಗೆ ಬರುವಷ್ಟರಲ್ಲಿ ಮಂಕಾಗಿದ್ದ. ಮಗ್ಗಿ ನೆನಪಿರುತ್ತಿರಲಿಲ್ಲ. ಒಂದೆಡೆ ಕೂಡುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಹೊಟ್ಟೆನೋವೆಂದು ವಾರಕ್ಕೊಮ್ಮೆ ಮನೆಗೆ ಹೋಗುತ್ತಿದ್ದ. ಜಂತುಹುಳಕ್ಕೆ ಗುಳಿಗೆ ಕೊಟ್ಟರು, ರಕ್ತಕ್ಕೆ ಟಾನಿಕ್ ಕೊಟ್ಟರು. ನಾನು ಕೊಟ್ಟದ್ದು ಛಡಿಯೇಟು, ಜೊತೆಗೆ ಇಡೀ ತರಗತಿಯೆದುರು ಒಂದು ಹೆಸರು: ‘ದಡ್ಡ’. ಹೀಗಿದ್ದರೂ ಒಂದು ದಿನ ಅವನು ನನಗೊಂದು ಕಾಣಿಕೆ ತಂದ. ತಂದೆ ಸವುಟಿನಲ್ಲಿ ಎರಕ ಹೊಯ್ದುಕೊಟ್ಟ ಬೂದುಬಣ್ಣದ ದುಂಡನೆಯ ಸೀಸದ ಗಟ್ಟಿ, ಕಾಗದಗಳು ಹಾರದಂತೆ ಮೇಲಿಡಲು. ಹಲವು ವರ್ಷ ಅದು ನನ್ನ ಮೇಜಿನ ಮೇಲಿತ್ತು. ಹುಡುಗ ಏಳನೆಯ ಇಯತ್ತೆಗೆ ಶಾಲೆ ಬಿಟ್ಟ.

ಆ ಹುಡುಗನ ಬುದ್ಧಿಯನ್ನು ಸೀಸವೇ ತಿಂದಿತೆಂದು ನಾನು ಆಣೆಯಿಟ್ಟು ಹೇಳಲಾರೆ. ಅವನ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ. ಆ ಹಿತ್ತಲ ಗಾಳಿಯನ್ನು ಯಾರೂ ಅಳೆಯಲಿಲ್ಲ. ಈಗ ಅದನ್ನು ತಿಳಿಯುವ ದಾರಿಯೂ ಇಲ್ಲ. ನನ್ನ ದೂರಿನ ಮೂಲ ಇಲ್ಲಿಯೇ ಇದೆ. ಅಳೆಯದ ಕಾರಣ ಅವನು ದಡ್ಡನಾದ, ನಾನು ನಿರಪರಾಧಿಯಾದೆ.

ಈಗ ಶಿಷ್ಯನ ಮೊದಲ ಮಾತಿಗೆ ಬರುತ್ತೇನೆ: ಪೆಟ್ರೋಲಿನ ಸೀಸ ಹೋಯಿತು. ಹೌದು, ಹೋಯಿತು; ಅದು ಹೋದ ರೀತಿಯನ್ನು ನೋಡಿ. ಎಂಜಿನ್ನಿನ ಬಡಿತ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದೆಂದು ಥಾಮಸ್ ಮಿಡ್ಗ್ಲಿ ಕಂಡುಹಿಡಿದದ್ದು 1921ರಲ್ಲಿ. 1924ರಲ್ಲಿಯೇ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಅದರಿಂದ ಐವರು ಕಾರ್ಮಿಕರು ಹುಚ್ಚು ಹಿಡಿದವರಂತಾಗಿ ಸತ್ತರು. ಆದರೂ ಮಾರಾಟ ನಿಲ್ಲಲಿಲ್ಲ. ಹಾನಿಯಾಗುತ್ತದೆಂದು ನೀವು ಸಾಬೀತು ಮಾಡಿ, ಅಲ್ಲಿಯವರೆಗೆ ನಾವು ಮಾರುತ್ತೇವೆ ಎಂಬುದು ಉದ್ಯಮದ ವಾದವಾಗಿತ್ತು. ಭೂಮಿಯ ವಯಸ್ಸನ್ನು ಲೆಕ್ಕಹಾಕಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಅವರು 1965ರಲ್ಲಿ, ಮನುಷ್ಯರ ದೇಹದಲ್ಲಿ ಈಗ ಕಾಣುವ ಸೀಸ ಸ್ವಾಭಾವಿಕವಲ್ಲ, ನಾವೇ ತುಂಬಿಕೊಂಡದ್ದು ಎಂದು ತೋರಿಸಿಕೊಟ್ಟರು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಸಂಗ್ರಹಿಸಿ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಮೇಲ್ನೋಟಕ್ಕೆ ಆರೋಗ್ಯವಾಗಿದ್ದರೂ ಬುದ್ಧಿಪರೀಕ್ಷೆಯಲ್ಲಿ ಹಿಂದುಳಿದಿದ್ದರು, ತರಗತಿಯಲ್ಲಿ ಗಮನ ಕೊಡಲಾರದವರಾಗಿದ್ದರು ಎಂದು ಪ್ರಕಟಿಸಿದರು. ಆ ವರದಿಯಲ್ಲಿ ಮಕ್ಕಳ ನಡವಳಿಕೆಯನ್ನು ಗುರುತಿಸಿ ಅಂಕ ಹಾಕಿದವರು ಶಾಲೆಯ ಶಿಕ್ಷಕರೇ. ನನ್ನಂಥವರು ಜಗತ್ತಿನ ಒಂದು ಕಡೆ ಸಾಕ್ಷಿಗಳಾಗಿದ್ದರು. ಇನ್ನೊಂದು ಕಡೆ ಛಡಿ ಹಿಡಿದಿದ್ದರು.

ನಮ್ಮ ದೇಶದಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದ ಊರು ಬೆಂಗಳೂರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಜಾರ್ಜ್ ಫೌಂಡೇಶನ್ ಮತ್ತು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅವರು ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ ಮುಂತಾದ ಮಹಾನಗರಗಳ ಜನರ ರಕ್ತವನ್ನು ಪರೀಕ್ಷಿಸಿದರು. 12 ವರ್ಷದೊಳಗಿನ ಮಕ್ಕಳಲ್ಲಿ ಒಟ್ಟಾರೆ ಅರ್ಧದಷ್ಟು ಮಂದಿಯ ರಕ್ತದಲ್ಲಿ, ಅಂದು ಎಚ್ಚರಿಕೆಯ ಗಡಿಯೆನಿಸಿದ್ದ ಡೆಸಿಲೀಟರಿಗೆ 10 ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸವಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಈ ಕುರಿತು ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದಕ್ಕೂ ಮೊದಲೇ ಸುಪ್ರೀಂ ಕೋರ್ಟಿನ ಒತ್ತಾಯದಿಂದ ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲು ಬರತೊಡಗಿತ್ತು. 2000ದ ಫೆಬ್ರವರಿ 1ರಿಂದ ಅದು ದೇಶದಾದ್ಯಂತ ಜಾರಿಯಾಯಿತು. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯಾ ಸೀಸದ ಪೆಟ್ರೋಲನ್ನು ನಿಲ್ಲಿಸಿದ್ದು 2021ರಲ್ಲಿ. ಅಂದರೆ ವಿಷವೆಂದು ಗೊತ್ತಾದಾಗಿನಿಂದ ಪೂರ್ತಿ ಹೋಗುವವರೆಗೆ ಸುಮಾರು ನೂರು ವರ್ಷ.

ಹಾಗಾದರೆ ಮುಗಿಯಿತೇ? 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಹೊರತಂದ ವರದಿಯ ಅಂದಾಜಿನಂತೆ ಜಗತ್ತಿನ 80 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರು. ಪೆಟ್ರೋಲಿನಿಂದ ಸೀಸ ಹೋಗಿ ಎರಡು ದಶಕವಾದ ಮೇಲಿನ ಮಾತಿದು. ಬಣ್ಣ, ಕಲಬೆರಕೆಯ ಅರಿಶಿನ, ಪಾತ್ರೆಯ ಕಲಾಯಿ, ಹೀಗೆ ಸೀಸಕ್ಕೆ ದಾರಿಗಳು ಹಲವು. ಆದರೆ ಆ ವರದಿ ಬೊಟ್ಟುಮಾಡಿ ತೋರಿಸಿದ ದೊಡ್ಡ ಮೂಲವೆಂದರೆ ಹಳೆಯ ಬ್ಯಾಟರಿಗಳನ್ನು ಹಿತ್ತಲಲ್ಲಿ, ಹೊಲದಲ್ಲಿ, ಬಯಲಿನಲ್ಲಿ ಕರಗಿಸುವ ಕೆಲಸ. ಪೆಟ್ರೋಲಿನ ಸೀಸ ಹೆದ್ದಾರಿಯ ಬದಿಯಲ್ಲಿತ್ತು. ಬ್ಯಾಟರಿಯ ಸೀಸ ಯಾವ ಹಳ್ಳಿಯ ಅಂಚಿನಲ್ಲಾದರೂ ಇರಬಹುದು. ಕರೆಂಟು ಕೈಕೊಡುವ ಸೀಮೆಯಲ್ಲಿ ಮನೆಮನೆಗೆ ಇನ್ವರ್ಟರ್ ಇದೆ, ಹೊಲಹೊಲಕ್ಕೆ ಟ್ರ್ಯಾಕ್ಟರ್ ಇದೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ಸಾಯುತ್ತದೆ. ಆದ್ದರಿಂದ ನಮ್ಮೂರ ಗಾಳಿಗೂ ಸೀಸಕ್ಕೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಎರಡನೆಯ ಮಾತು: ಮಾನದಂಡವಿದೆ. ಇದೆ, ನಿಜ. 1994ರ ಮಾನದಂಡದಲ್ಲಿ ಕೈಗಾರಿಕಾ ಪ್ರದೇಶಕ್ಕೆ ಒಂದು ಅಂಕಿ, ವಸತಿ ಪ್ರದೇಶಕ್ಕೆ ಇನ್ನೊಂದು ಅಂಕಿಯಿತ್ತು. ಕಾರ್ಖಾನೆಯ ಮಗ್ಗುಲಲ್ಲಿ ಹುಟ್ಟಿದ ಮಗುವಿನ ಶ್ವಾಸಕೋಶ ಹೆಚ್ಚು ಸೀಸ ತಾಳಿಕೊಳ್ಳುತ್ತದೆಂಬಂತೆ! 2009ರ ನವೆಂಬರ್ 18ರ ಅಧಿಸೂಚನೆ ಆ ಭೇದವನ್ನು ತೆಗೆದುಹಾಕಿತು. ಎಲ್ಲೆಡೆಗೂ ಒಂದೇ ಮಿತಿ: ವರ್ಷದ ಸರಾಸರಿ ಘನಮೀಟರಿಗೆ 0.5 ಮೈಕ್ರೋಗ್ರಾಂ, 24 ಗಂಟೆಗಳ ಸರಾಸರಿ 1 ಮೈಕ್ರೋಗ್ರಾಂ. ಇದು ನ್ಯಾಯದ ಹೆಜ್ಜೆ. ಅದನ್ನು ಮಾಡಿದವರಿಗೆ ನಮಸ್ಕಾರ.

ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಇದು ಕಣ್ಣಿಗೆ ಕಟ್ಟಬೇಕಾದರೆ ಗೋಳಗುಮ್ಮಟಕ್ಕೆ ಬನ್ನಿ. ಒಳಗಿನ ನೆಲ 18,225 ಚದರ ಅಡಿ ಎಂದು ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೇನೆ. ಎತ್ತರವನ್ನೂ ಗುಮ್ಮಟದ ಒಳಬಾಗನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಳಗಿನ ಗಾಳಿ ಸುಮಾರು 70 ಸಾವಿರ ಘನಮೀಟರ್ ಆಗುತ್ತದೆ. ಆ ಇಡೀ ಗಾಳಿಯನ್ನು 0.5ರ ಮಿತಿಗೆ ತಂದು ನಿಲ್ಲಿಸಲು ಬೇಕಾದ ಸೀಸವೆಷ್ಟು? 35 ಮಿಲಿಗ್ರಾಂ. ನಮ್ಮ ಬಿಳಿಜೋಳದ ಒಂದು ಕಾಳಿನ ತೂಕ! ಒಂದು ಕಾಳು ಸೀಸ ಹೊಗೆಯಾಗಿ ಹಬ್ಬಿದರೆ ಆದಿಲ್‌ಶಾಹಿಯ ಮಹಾಗುಮ್ಮಟದ ತುಂಬ ಮಿತಿ ಮುಟ್ಟುತ್ತದೆ. ಎರಡು ಕಾಳಾದರೆ ಮಿತಿಯ ಎರಡು ಪಟ್ಟು. ಒಂದು ಕಾರಿನ ಬ್ಯಾಟರಿಯಲ್ಲಿ ಎಂಟು-ಹತ್ತು ಕಿಲೋ ಸೀಸವಿರುತ್ತದೆ. ಕರಗಿಸುವಾಗ ಅದರ ಸಾವಿರದಲ್ಲಿ ಒಂದೇ ಪಾಲು ಹೊಗೆಯಾಯಿತೆಂದು ಇಟ್ಟುಕೊಂಡರೂ ಇನ್ನೂರಕ್ಕೂ ಹೆಚ್ಚು ಗೋಳಗುಮ್ಮಟಗಳಿಗೆ ಸಾಕು. ಬಯಲಿನಲ್ಲಿ ಗಾಳಿ ಬೀಸಿ ಚದುರಿಸುತ್ತದೆ, ಒಪ್ಪುತ್ತೇನೆ. ಆದರೆ ಚದುರಿದ ಸೀಸ ಮಾಯವಾಗುವುದಿಲ್ಲ. ಅದು ಕೊಳೆಯದ ಲೋಹ. ನೆಲಕ್ಕಿಳಿದು ಧೂಳಾಗಿ, ಮಗುವಿನ ಅಂಗೈಗೆ ಅಂಟಿ, ಅಂಗೈಯಿಂದ ಬಾಯಿಗೆ ಹೋಗುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಪಾಲನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಸುಣ್ಣದಂಶವೆಂದು ಮೋಸಹೋಗಿ ಎಲುಬು ಅದನ್ನು ಕೂಡಿಟ್ಟುಕೊಳ್ಳುತ್ತದೆ. ಹೆಣ್ಣುಮಗು ಬೆಳೆದು ಬಸುರಿಯಾದಾಗ ಆ ಎಲುಬಿನ ಸೀಸ ಮತ್ತೆ ರಕ್ತಕ್ಕಿಳಿದು ಹೊಟ್ಟೆಯ ಕೂಸಿಗೂ ಸೇರುತ್ತದೆ.

ಇಷ್ಟು ಸೂಕ್ಷ್ಮವಾದ ಮಿತಿಯನ್ನು ಬರೆದಿಟ್ಟ ಮೇಲೆ ಅದನ್ನು ಅಳೆಯಬೇಕಲ್ಲವೇ? ಅಧಿಸೂಚನೆಯಲ್ಲಿ ವಿಧಾನವೂ ಇದೆ: ಸೋಸುಕಾಗದದ ಮೂಲಕ 24 ಗಂಟೆ ಗಾಳಿ ಎಳೆದು, ಆ ಕಾಗದವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು, ವಾರಕ್ಕೆ ಎರಡರಂತೆ ವರ್ಷಕ್ಕೆ ಕನಿಷ್ಠ 104 ಸಲ ಅಳೆದು ಸರಾಸರಿ ತೆಗೆಯಬೇಕು. ಆದರೆ ರಾಷ್ಟ್ರೀಯ ಗಾಳಿ ಮಾಪನ ಕಾರ್ಯಕ್ರಮದಲ್ಲಿ ಎಲ್ಲ ಕೇಂದ್ರಗಳಲ್ಲಿಯೂ ತಪ್ಪದೆ ಅಳೆಯಲು ಗೊತ್ತುಮಾಡಿದ ಮಾಲಿನ್ಯಗಳು ನಾಲ್ಕು: ಗಂಧಕದ ಡೈಆಕ್ಸೈಡ್, ಸಾರಜನಕದ ಡೈಆಕ್ಸೈಡ್ ಮತ್ತು ಎರಡು ಬಗೆಯ ಧೂಳಿನ ಕಣಗಳು. ಸೀಸ ಆ ನಾಲ್ಕರಲ್ಲಿಲ್ಲ. 2015ರಲ್ಲಿ ಜಾರಿಗೆ ಬಂದ ಗಾಳಿ ಗುಣಮಟ್ಟ ಸೂಚ್ಯಂಕದ ಎಂಟು ಮಾಲಿನ್ಯಗಳ ಪಟ್ಟಿಯಲ್ಲಿ ಸೀಸದ ಹೆಸರಿದೆ. ಆದರೆ ಗಂಟೆಗಂಟೆಗೆ ಅಂಕಿ ತೋರಿಸುವ ಸ್ವಯಂಚಾಲಿತ ಯಂತ್ರಗಳು ಸೀಸವನ್ನು ಅಳೆಯುವುದಿಲ್ಲ. ನಮ್ಮ ವಿಜಯಪುರ ನಗರದ ಗಾಳಿಯ ಅಂಕಿಯನ್ನು ನೀವು ಮೊಬೈಲಿನಲ್ಲಿ ನೋಡಿ, ಹಸಿರು ಬಣ್ಣ ಕಂಡು ಸಮಾಧಾನಪಟ್ಟುಕೊಂಡರೆ, ಆ ಹಸಿರಿಗೂ ಸೀಸಕ್ಕೂ ಸಂಬಂಧವಿಲ್ಲವೆಂಬುದು ನೆನಪಿರಲಿ. ಹಾಜರಿಪಟ್ಟಿಯಲ್ಲಿ ಹೆಸರು ಬರೆದು, ದಿನವೂ ಆ ಹೆಸರನ್ನು ಕೂಗದೆ ಬಿಟ್ಟಂತಾಯಿತು.

ಸರಾಸರಿಯ ಮಾತೂ ಹಾಗೆಯೇ. ಡೋಣಿ ಹೊಳೆಯ ಸರಾಸರಿ ಆಳ ಮೊಳಕಾಲಷ್ಟೇ ಎಂದು ನಂಬಿ ಇಳಿದವನು ಮಡುವಿನಲ್ಲಿ ಮುಳುಗಿದ ಲೆಕ್ಕವನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ವಾರಕ್ಕೊಂದು ರಾತ್ರಿ ಉರಿಯುವ ಒಲೆಯ ಹೊಗೆ, ಊರ ನಡುವಿನ ಕಚೇರಿಯ ಮಾಳಿಗೆಯ ಮೇಲಿಟ್ಟ ಯಂತ್ರದ ವಾರ್ಷಿಕ ಸರಾಸರಿಯಲ್ಲಿ ಎಲ್ಲಿ ಕಾಣಬೇಕು?

ಮೂರನೆಯ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 0.5, ಯುರೋಪಿನ ಮಿತಿಯೂ 0.5 ಆಗಿರುವಾಗ ನಮ್ಮದೇಕೆ ತಪ್ಪು? ಇದಕ್ಕೆ ಉತ್ತರ ಕಪ್ಪುಹಲಗೆಯ ಮೇಲೆ ಬರೆದು ತೋರಿಸುವಂಥದ್ದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1978ರಲ್ಲಿ ಗಾಳಿಯ ಸೀಸಕ್ಕೆ ಮೊದಲ ಮಿತಿ ಗೊತ್ತುಮಾಡಿತು. ಅದೂ ತಾನಾಗಿಯೇ ಅಲ್ಲ, ಪರಿಸರ ಸಂಘಟನೆಯೊಂದು ನ್ಯಾಯಾಲಯಕ್ಕೆಳೆದ ಮೇಲೆ. ಅವರ ಲೆಕ್ಕ ಐದನೆಯ ಇಯತ್ತೆಯದು. ಮಕ್ಕಳ ರಕ್ತದಲ್ಲಿ ಸರಾಸರಿ 15 ಮೈಕ್ರೋಗ್ರಾಮಿಗಿಂತ ಹೆಚ್ಚು ಇರಬಾರದು. ಅನ್ನ, ನೀರು, ಬಣ್ಣ ಮುಂತಾದ ಬೇರೆ ದಾರಿಗಳಿಂದಲೇ 12 ಬರುತ್ತದೆ. ಗಾಳಿಗೆ ಉಳಿದದ್ದು 3. ಗಾಳಿಯಲ್ಲಿ 1 ಹೆಚ್ಚಿದರೆ ರಕ್ತದಲ್ಲಿ 2 ಹೆಚ್ಚುತ್ತದೆ. ಆದ್ದರಿಂದ ಗಾಳಿಯ ಮಿತಿ 3 ಭಾಗಿಸು 2, ಅಂದರೆ 1.5.

ಈ ಲೆಕ್ಕದ ನೀತಿಯನ್ನು ಗಮನಿಸಿ. ಮೊದಲು ಮಗುವಿನ ರಕ್ತ, ಕೊನೆಗೆ ಗಾಳಿ. ರಕ್ತದ ಅಂಕಿ ಬದಲಾದರೆ ಗಾಳಿಯ ಅಂಕಿ ಬದಲಾಗಲೇಬೇಕು. ರಕ್ತದ ಅಂಕಿ ಬದಲಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಚ್ಚರಿಕೆಯ ಗಡಿಯನ್ನು 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ಇಷ್ಟು ಸೀಸ ನಿರಪಾಯಕರ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 2008ರಲ್ಲಿ ಅಮೆರಿಕ ತನ್ನ ಗಾಳಿಯ ಮಿತಿಯನ್ನು ಹತ್ತನೆಯ ಒಂದಂಶಕ್ಕೆ, 0.15ಕ್ಕೆ ಇಳಿಸಿತು; ವರ್ಷದ ಸರಾಸರಿಯಲ್ಲ, ಮೂರು ತಿಂಗಳ ಸರಾಸರಿ. ಅಂದಿನ ಲೆಕ್ಕ ಹೀಗಿತ್ತು: ಗಾಳಿಯ 1ಕ್ಕೆ ರಕ್ತದಲ್ಲಿ 7, ರಕ್ತದ 1ಕ್ಕೆ, ಐಕ್ಯೂ ಎಂದು ಕರೆಯುವ ಬುದ್ಧಿಸೂಚ್ಯಂಕದಲ್ಲಿ 1.75 ಅಂಕ ನಷ್ಟ. ಹೀಗೆ 0.15ನ್ನು 7ರಿಂದ, ಮತ್ತೆ 1.75ರಿಂದ ಗುಣಿಸಿದರೆ ಸುಮಾರು 1.8. ಗಾಳಿಯ ಕಾರಣದಿಂದ ಮಗು 2 ಅಂಕಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದೆಂಬುದು ಗುರಿ.

ಅದೇ ಸೂತ್ರಕ್ಕೆ ನಮ್ಮ 0.5 ಹಾಕಿ ನೋಡಿ. ಸುಮಾರು 6 ಅಂಕ. ಸರಾಸರಿಯ ಅವಧಿ ಬೇರೆ, ಸೀಸ ಹೆಚ್ಚಿರುವಲ್ಲಿ ಸೂತ್ರ ನೇರಗೆರೆಯಲ್ಲಿ ಹೋಗುವುದಿಲ್ಲ, ಆದ್ದರಿಂದ ಇದು ಒರಟು ಲೆಕ್ಕ ಎಂದು ಒಪ್ಪಿಕೊಂಡೇ ಬರೆಯುತ್ತಿದ್ದೇನೆ. ಆದರೂ ಯಾವ ದಿಕ್ಕಿಗೆ ಬೊಟ್ಟುಮಾಡುತ್ತದೆಂಬುದು ಸ್ಪಷ್ಟ. ವಿಶ್ವ ಆರೋಗ್ಯ ಸಂಸ್ಥೆಯ 0.5 ಎಲ್ಲಿಂದ ಬಂತು? ನೂರರಲ್ಲಿ 98 ಮಂದಿಯ ರಕ್ತ 10ರ ಗಡಿ ದಾಟದಿರಲೆಂಬ 2000ದ ಲೆಕ್ಕದಿಂದ. ಆ 10ರ ಗಡಿಯನ್ನೇ ಕೈಬಿಟ್ಟ ಮೇಲೆ ಅದರ ಮೇಲೆ ಕಟ್ಟಿದ 0.5 ನಿಂತಿರುವುದು ಯಾವ ನೆಲದ ಮೇಲೆ? ತಳಪಾಯ ಕುಸಿದ ಮನೆಯ ತೊಲೆಯನ್ನು ಹಿಡಿದುಕೊಂಡು ಇದು ಗಟ್ಟಿಯಾಗಿದೆ ಎಂದಂತೆ.

ಇನ್ನೊಂದು ಮಾತು. ಆ 12ರ ಅಂಕಿಯನ್ನು ನೆನಪಿಸಿಕೊಳ್ಳಿ. ಬೇರೆ ದಾರಿಗಳಿಂದ ಬರುವ ಸೀಸ ಹೆಚ್ಚಾದಷ್ಟೂ ಗಾಳಿಗೆ ಬಿಡಬಹುದಾದ ಪಾಲು ಕಡಿಮೆಯಾಗುತ್ತದೆ. ನಮ್ಮ ಮಕ್ಕಳಿಗೆ ಮಣ್ಣಿನಿಂದ, ಪಾತ್ರೆಯಿಂದ, ಮಸಾಲೆಯಿಂದ ಸೀಸ ಹೆಚ್ಚು. ಸೀಸ ಹೀರಿಕೊಳ್ಳುವುದನ್ನು ಹೆಚ್ಚಿಸುವ ಕಬ್ಬಿಣಾಂಶದ ಕೊರತೆಯೂ ಹೆಚ್ಚು. ಹೀಗಿರುವಾಗ ನಮ್ಮ ಮಿತಿ ಶ್ರೀಮಂತ ದೇಶದ್ದಕ್ಕಿಂತ ಬಿಗಿಯಾಗಿರಬೇಕಿತ್ತು, ಸಡಿಲವಾಗಿದೆ. ಬಡ ದೇಶಕ್ಕೆ ಸಡಿಲ ಮಾನದಂಡ ಸಾಕೆನ್ನುವುದು, ಬಡ ಮಗುವಿಗೆ ಕಡಿಮೆ ಬುದ್ಧಿ ಸಾಕೆಂದಂತೆ. ಈ ಮಾತನ್ನು ನಾನು ಯಾವ ಸಭೆಯಲ್ಲಿಯಾದರೂ ಹೇಳಲು ಸಿದ್ಧ.

ನಾಲ್ಕನೆಯದು ಉದ್ಯೋಗದ ಮಾತು. ಅಮೆರಿಕದ ಸೀಸ ಉದ್ಯಮದವರೂ ಇದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋದರು. ಆರೋಗ್ಯಕ್ಕೆ ಎಷ್ಟು ಬೇಕೆಂದು ಗೊತ್ತುಮಾಡುವಾಗ ಖರ್ಚಿನ ಮಾತು ಬರಕೂಡದು ಎಂದು 1980ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಗುರಿಯನ್ನು ಹೇಗೆ ಮುಟ್ಟಬೇಕು, ಎಷ್ಟು ಕಾಲದಲ್ಲಿ, ಯಾರ ಖರ್ಚಿನಲ್ಲಿ ಎಂಬುದು ಬಳಿಕದ ಪ್ರಶ್ನೆ. ನನಗೆ ಇದು ಬಹಳ ಹಿಡಿಸಿತು. ಜ್ವರ ಎಷ್ಟಿದೆಯೆಂದು ಹೇಳುವ ಥರ್ಮಾಮೀಟರು ರೋಗಿಯ ಜೇಬು ನೋಡಿ ಅಂಕಿ ತೋರಿಸಬಾರದು.

ಬಡವನ ಹೊಟ್ಟೆಯ ಮೇಲೆ ಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಆ ವಿದ್ಯಾರ್ಥಿಯ ತಂದೆ ದುಷ್ಟನಾಗಿರಲಿಲ್ಲ. ಮಕ್ಕಳ ಅನ್ನಕ್ಕಾಗಿ ಒಲೆ ಹೊತ್ತಿಸಿದ; ಆ ಒಲೆಯೇ ಮಕ್ಕಳನ್ನು ತಿಂದಿರಬಹುದು. ಅವನಂಥವರಿಂದ ಸೀಸ ಕೊಂಡು ಲಾಭ ಮಾಡಿಕೊಂಡವರು ದೂರದ ಊರುಗಳಲ್ಲಿದ್ದರು. ಹಳೆಯ ಬ್ಯಾಟರಿಯನ್ನು ವಾಪಸು ಪಡೆದು ಸರಿಯಾಗಿ ವಿಲೇವಾರಿ ಮಾಡುವ ಹೊಣೆ ತಯಾರಕರದ್ದೇ ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ; 2001ರ ನಿಯಮಗಳೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದ್ದವು. ಆದರೂ ಟಂಟಂ ಗಾಡಿ ನಮ್ಮ ಓಣಿಗೆ ಬರುತ್ತಲೇ ಇದೆ. ಆ ಒಲೆಯವನಿಗೆ ಬೇರೆ ದುಡಿಮೆ ಕೊಡುವ ಖರ್ಚು ಆ ತಯಾರಕರ ಲೆಕ್ಕದಲ್ಲಿ ಸೇರಲಿ.

ಹಾಗಾದರೆ ನನ್ನ ಬೇಡಿಕೆಯೇನು? ಮೂರೇ ಮೂರು. ಮಿತಿಯನ್ನು 0.15ಕ್ಕಾದರೂ ಇಳಿಸಿ, ವರ್ಷದ ಬದಲು ಮೂರು ತಿಂಗಳ ಸರಾಸರಿಯಲ್ಲಿ ಅಳೆಯಿರಿ. ಅಳೆಯುವ ಯಂತ್ರವನ್ನು ಕಚೇರಿಯ ಮಾಳಿಗೆಯಿಂದ ಇಳಿಸಿ, ಸೀಸ ಕರಗುವ ಜಾಗಗಳ ಸಮೀಪ, ಅಲ್ಲಿನ ಶಾಲೆ-ಅಂಗನವಾಡಿಗಳ ಬಳಿ ಇಡಿರಿ. ಮತ್ತು ಮಕ್ಕಳ ರಕ್ತವನ್ನು ಪರೀಕ್ಷಿಸಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು 2013ರಿಂದ ಶಾಲೆ-ಅಂಗನವಾಡಿಗಳಿಗೆ ಬಂದು ಮಕ್ಕಳ ಕಣ್ಣು, ಹಲ್ಲು, ರಕ್ತಹೀನತೆ ನೋಡುತ್ತಾರೆ. ಒಂದು ಹನಿ ರಕ್ತದಲ್ಲಿ ಸೀಸವನ್ನೂ ನೋಡುವುದು ದೊಡ್ಡ ಮಾತಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಪೆಟ್ರೋಲಿನ ವಿಷಯದಲ್ಲಿ ನಿಜವಾಯಿತು. ಎರಡನೆಯ ಸಲವೂ ಅದು ನಿಜವಾಗಬೇಕೇ?

ನಿಮ್ಮಲ್ಲಿ ಅನೇಕರು ಈಗ ವೈದ್ಯರು, ಎಂಜಿನಿಯರುಗಳು, ಅಧಿಕಾರಿಗಳು. ಕೆಲವರು ನನ್ನಂತೆಯೇ ಮಾಸ್ತರರು. ಮೊದಲಿನವರು ನಿಮ್ಮ ನಿಮ್ಮ ಕುರ್ಚಿಯಿಂದ ಈ ಪ್ರಶ್ನೆಯನ್ನು ಕೇಳಿರಿ: ನಮ್ಮ ಜಿಲ್ಲೆಯ ಗಾಳಿಯಲ್ಲಿ ಸೀಸವನ್ನು ಕೊನೆಯ ಸಲ ಅಳೆದದ್ದು ಯಾವಾಗ, ಎಲ್ಲಿ, ಎಷ್ಟು ಬಂತು? ಮನೆಯ ಹಳೆಯ ಬ್ಯಾಟರಿಯನ್ನು ಗಾಡಿಯವನಿಗೆ ಹಾಕದೆ, ಹೊಸದನ್ನು ಕೊಳ್ಳುವ ಅಂಗಡಿಗೇ ಮರಳಿಸಿ ರಸೀದಿ ಪಡೆಯಿರಿ. ನೂರಿನ್ನೂರು ರೂಪಾಯಿ ಕಡಿಮೆ ಬಂದರೆ ಬರಲಿ. ಮಾಸ್ತರರಾದವರಿಗೆ ಒಂದೇ ಬಿನ್ನಹ. ನಿಮ್ಮ ತರಗತಿಯ ಕೊನೆಯ ಸಾಲಿನ ಹುಡುಗನಿಗೆ ‘ದಡ್ಡ’ ಎಂದು ಹೆಸರಿಡುವ ಮೊದಲು ಅವನ ಮನೆಯ ಹಿತ್ತಲಿಗೆ ಒಮ್ಮೆ ಹೋಗಿ ಬನ್ನಿ.

ಕೆಲವು ವರ್ಷಗಳ ಹಿಂದೆ ಆ ಹುಡುಗ, ಈಗ ನರೆಗೂದಲಿನ ಗೃಹಸ್ಥ, ಮಗಳ ಮದುವೆಯ ಲಗ್ನಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದಿದ್ದ. “ನನ್ನ ತಲೀಗೆ ಲೆಕ್ಕ ಹತ್ತಲಿಲ್ರಿ ಸರ್. ನೀವು ಬಾಳ ಹೊಡದ್ರಿ, ಆದ್ರೂ ಹತ್ತಲಿಲ್ಲ” ಎಂದು ನಗುತ್ತಲೇ ಹೇಳಿದ. ನನಗೆ ನಗಲಾಗಲಿಲ್ಲ. ತಪ್ಪು ನಿನ್ನದಾಗಿರಲಿಕ್ಕಿಲ್ಲಪ್ಪಾ ಎಂದು ಹೇಳಬೇಕೆಂದುಕೊಂಡೆ, ಮಾತು ಬರಲಿಲ್ಲ. ಕಳ್ಳಕವಟಗಿಯಿಂದ ಮರಳಿದ ಮೇಲೆ ಅಟ್ಟದ ಪೆಟ್ಟಿಗೆ ತೆಗೆಸಿ ನೋಡಿದೆ. ಅವನು ಕೊಟ್ಟ ಸೀಸದ ಗಟ್ಟಿ ಅಲ್ಲಿಯೇ ಇತ್ತು. ಅಂಗೈಯಲ್ಲಿ ಹಿಡಿದರೆ ಇವತ್ತಿಗೂ ಅಷ್ಟೇ ಭಾರ.

ಪುಣೆಯ ಶಿಷ್ಯನಿಗೆ ಈ ಬರಹವನ್ನು ಕಳಿಸಿದ್ದೇನೆ. ಅವನ ಉತ್ತರಕ್ಕಾಗಿ, ನಿಮ್ಮ ಉತ್ತರಕ್ಕಾಗಿಯೂ ಕಾಯುತ್ತೇನೆ. ಲೆಕ್ಕದಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ತೋರಿಸಿಕೊಡಿ, ತಿದ್ದಿಕೊಳ್ಳುತ್ತೇನೆ.

ನಿಮ್ಮ ಹಳೆಯ ಮಾಸ್ತರ